ಏಳಡಿ ಎಂದು ಬರೆದ ಹೊಲ

೧೯೫೮ನೆಯ ಇಸವಿ ಫೆಬ್ರವರಿ ಎರಡನೆಯ ತಾರೀಕು, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಲಕ್ಷ್ಮೀಪುರಂನ ಮನೆಯ ಪಡಸಾಲೆಯಲ್ಲಿ ಬಸಮ್ಮ ಗೋಡೆಗೊರಗಿ ಕುಳಿತು ಬಲಗಾಲನ್ನು ಮುಂದಕ್ಕೆ ಚಾಚಿ, "ಯಾರಾದ್ರೂ ಬಂದು ನನ್ನ ಪಾದ ಅಳೀರಪ್ಪ" ಎಂದರು.

ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದ ಸೊಸೆ ಮಹದೇವಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಬೆಳಿಗ್ಗೆ ಬೆಳಿಗ್ಗೆ ಇದೇನ್ ಮಾತು ಅತ್ತೆ? ಇನ್ನೂ ಯಾರೂ ತಿಂಡಿ ತಿಂದಿಲ್ಲ."

"ತಿಂಡಿಗೂ ನನ್ನ ಪಾದಕ್ಕೂ ಏನೇ ಸಂಬಂಧ? ನಾನೇನು ಈಗ್ಲೇ ಹೊಂಟೋಯ್ತೀನಿ ಅಂದ್ನಾ? ನಮ್ಮತ್ತೆ ಗುಂಡಿ ತೋಡಿಸ್ಕಂಡ ಮೇಲೆ ಹನ್ನೊಂದು ವರ್ಷ ಬದುಕಿದ್ರು. ಅದರ ಚಪ್ಪಡಿ ಮೇಲೆ ಕೂತ್ಕಂಡು ಸೊಪ್ಪು ಬಿಡಿಸೋರು."

ಆ ಮನೆತನದ ಹೆಂಗಸರಲ್ಲಿ ಅದೊಂದು ರೂಢಿ. ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಜನ ಅವರು. ಗುಂಡಿಯ ಆಳ ಅವರವರ ಪಾದದ ಅಳತೆಯಲ್ಲಿ ಒಂಬತ್ತು ಪಾದ. ವಯಸ್ಸಾದ ಹೆಂಗಸು ಕೈಕಾಲು ಆಡುತ್ತಿರುವಾಗಲೇ ಸ್ವಂತ ನೆಲದಲ್ಲಿ ತನ್ನ ಗುಂಡಿ ತೋಡಿಸಿ, ತಳದಲ್ಲಿ ಒಂದು ಸೇರು ರಾಗಿ ಇಡಿಸಿ, ಮೇಲೆ ಕಲ್ಲು ಚಪ್ಪಡಿ ಮುಚ್ಚಿಸುತ್ತಿದ್ದಳು. ಬಸಮ್ಮನಿಗೆ ಈಗ ಎಪ್ಪತ್ತೆಂಟು. ಶಿವರಾತ್ರಿಗೆ ಮುಂಚೆ ಚಪ್ಪಡಿ ಮುಚ್ಚಬೇಕೆಂದು ಹಟ ಹಿಡಿದಿದ್ದರು.

ಮೊಮ್ಮಗ ಪ್ರಭುಸ್ವಾಮಿ ಮುಖ ಒರೆಸಿಕೊಳ್ಳುತ್ತ ಬಚ್ಚಲಿನಿಂದ ಬಂದ. ಬಿ.ಎಸ್ಸಿ. ಮುಗಿಸಿ, ಮಣ್ಣು ಪರೀಕ್ಷೆಯ ಪ್ರಯೋಗಶಾಲೆಯೊಂದರಲ್ಲಿ ಸಹಾಯಕನಾಗಿ ಸೇರಿ ಅವನಿಗೆ ಎರಡು ವರ್ಷವಾಗಿತ್ತು. ಅಳತೆ ಎಂದರೆ ಸುಮ್ಮನಿರಲು ಆಗುತ್ತಿರಲಿಲ್ಲ. ಮೇಜಿನ ಮೇಲಿಂದ ಉಕ್ಕಿನ ಅಳತೆಪಟ್ಟಿ ತಂದು, ಅಜ್ಜಿಯ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಹೆಬ್ಬೆರಳ ತುದಿಯವರೆಗೆ ಎರಡು ಸಲ ಅಳೆದ.

"ಎಂಟೂಮುಕ್ಕಾಲು ಅಂಗುಲ. ಒಂಬತ್ತರಿಂದ ಗುಣಿಸಿದರೆ ಎಪ್ಪತ್ತೆಂಟೂಮುಕ್ಕಾಲು. ಅಂದರೆ ಆರಡಿ ಆರೂಮುಕ್ಕಾಲು ಅಂಗುಲ ಅಜ್ಜಿ."

"ಅಂಗಾರೆ ನೀನು ಬರೆದಿರೋ ಏಳಡೀಲಿ ಆರಾಮಾಗಿ ಹಿಡೀತೀನಿ," ಎಂದು ಬಸಮ್ಮ ನಕ್ಕರು. "ಇನ್ನೂ ಐದಂಗುಲ ಮಿಕ್ತದೆ. ಅದನ್ನ ನಿಮ್ಮಪ್ಪನಿಗೆ ಕೊಟ್ಬುಡು."

ಪ್ರಭುಸ್ವಾಮಿ ನಗಲಿಲ್ಲ. ಅಳತೆಪಟ್ಟಿಯನ್ನು ಪಂಚೆಯ ಅಂಚಿನಿಂದ ಒರೆಸಿ ಒಳಗೆ ಹೋದ. ಅಡಿಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅವನ ಹೆಂಡತಿ ಪ್ರೇಮಲೀಲಾ ದಾರಿ ಬಿಟ್ಟಳೇ ಹೊರತು ಲೋಟ ಕೊಡಲಿಲ್ಲ.

ಏಳಡಿಯ ವಿಷಯ ಹೀಗೆ. ಪ್ರಭುಸ್ವಾಮಿಯ ತಂದೆ ವೃಷಭೇಂದ್ರಪ್ಪ ಶಿರಸ್ತೇದಾರರಾಗಿ ನಿವೃತ್ತರಾದವರು. ಊರು ದಕ್ಷಿಣಕ್ಕೆ ಬೆಳೆಯುತ್ತಿದೆ, ಅಲ್ಲೊಂದು ಮನೆ ಕಟ್ಟಬೇಕು ಎಂಬುದು ಅವರ ಆಸೆ. ಅವರ ಚಿಕ್ಕಪ್ಪನ ಮಗ ಚನ್ನಬಸವಯ್ಯನಿಗೆ ಶ್ರೀರಾಂಪುರದಾಚೆ ಎರಡು ಎಕರೆ ದಿಣ್ಣೆ ಹೊಲವಿತ್ತು. ಇವರಿಗೆ ನಂಜನಗೂಡು ರಸ್ತೆಯಲ್ಲಿ ಹಿರಿಯರಿಂದ ಬಂದ ಹೊಲವಿತ್ತು. ಬಸಮ್ಮನ ಗಂಡನ ಗದ್ದಿಗೆ ಇದ್ದದ್ದು ಆ ಹಳೆಯ ಹೊಲದಲ್ಲೇ. ಹಿಂದಿನ ಕಾರ್ತಿಕದಲ್ಲಿ ಒಂದಕ್ಕೊಂದು ಬದಲಿ ಮಾಡಿಕೊಳ್ಳುವ ಮಾತು ಬಂದಾಗ ಬಸಮ್ಮ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೊಸ ಹೊಲದಲ್ಲಿ ಮಣ್ಣು ಎಷ್ಟು ಆಳ ಐತೆ?"

ಪ್ರಭುಸ್ವಾಮಿ ಹೋಗಿ ನೋಡಿ ಬಂದು ಒಂದು ಹಾಳೆಯ ಮೇಲೆ ಬರೆದ. ಬಣ್ಣ ಕಂದುಗೆಂಪು. ಹರಳು ಹೆಚ್ಚು. ಸುಣ್ಣದ ಅಂಶ ಇಲ್ಲ. ಆಳ ಏಳು ಅಡಿಗೂ ಹೆಚ್ಚು. ಅದನ್ನು ಎರಡು ಸಲ ಓದಿಸಿಕೊಂಡು ಬಸಮ್ಮ ಹೆಬ್ಬೆಟ್ಟು ಒತ್ತಿದ್ದರು.

ಬಣ್ಣ, ಹರಳು, ಸುಣ್ಣ ಮೂರನ್ನೂ ಅವನು ಪರೀಕ್ಷೆ ಮಾಡಿಯೇ ಬರೆದಿದ್ದ. ಆಗ ಮದುವೆಯಾಗಿ ನಾಲ್ಕು ತಿಂಗಳು. ಹೆಂಡತಿಯನ್ನೂ ಕರೆದುಕೊಂಡು ಜಟಕಾದಲ್ಲಿ ಹೋಗಿದ್ದ. ಇಸ್ತ್ರಿ ಮಾಡಿದ ಷರಾಯಿ ತೊಟ್ಟಿದ್ದ. ಮೂರು ಕಡೆ ಮೇಲಿನ ಮಣ್ಣು ಕೆರೆದು ಆಮ್ಲದ ಹನಿ ಬಿಟ್ಟ, ಸುಣ್ಣವಿದ್ದರೆ ಏಳಬೇಕಾದ ಗುಳ್ಳೆ ಒಂದೂ ಏಳಲಿಲ್ಲ. ಮಣ್ಣು ಕೊರೆಯುವ ಬೈರಿಗೆ ಗೋಣಿಚೀಲದಲ್ಲಿ ಜಟಕಾದ ಪೀಠದ ಕೆಳಗೇ ಇತ್ತು. ದಿಣ್ಣೆಯ ಬುಡದಲ್ಲಿ ಪಕ್ಕದವರ ಬಾವಿಯೊಂದು ಕಂಡಿತು. ಅದರ ಗೋಡೆಯಲ್ಲಿ ಏಳಡಿ ಕೆಮ್ಮಣ್ಣು ಸ್ಪಷ್ಟವಾಗಿತ್ತು. ಅದನ್ನೇ ಬರೆದುಕೊಂಡ. ಬೈರಿಗೆ ಚೀಲದಿಂದ ಹೊರಗೆ ಬರಲಿಲ್ಲ. ಇದು ಗೊತ್ತಿದ್ದದ್ದು ಅವನಿಗೆ, ಮತ್ತು ಆಮ್ಲದ ಸೀಸೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಪ್ರೇಮಲೀಲಾಳಿಗೆ.

ಆ ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹರವುತ್ತ ಅವಳು ಕೇಳಿದಳು.

"ಯಾವಾಗ ಹೇಳ್ತೀರಿ?"

"ಏನನ್ನ?"

"ತೋಡಲಿಲ್ಲ ಅನ್ನೋದನ್ನ."

"ಕೆಳಗೆ ಬಾವೀಲಿ ಏಳಡಿ ಇದ್ರೆ ಮೇಲೆ ಐದಾರಾದ್ರೂ ಇರಬೇಕು. ಇರಬಹುದು."

"ಇರಬಹುದು ಅಂತ ಬರೆದಿದ್ರಾ?" ಅವಳು ಸೀರೆಯನ್ನು ಕೊಡವಿದಳು. "ನಾನು ಇಂಟರ್‌ಮೀಡಿಯಟ್ ಫೇಲು. ನನಗೇ ಗೊತ್ತಾಗುತ್ತಲ್ರೀ. ತಟ್ಟೆಗೆ ಸಾರು ಹಾಕಿದ್ರೆ ಅದು ನಿಲ್ಲೋದು ತಗ್ಗಲ್ಲಿ. ದಿಣ್ಣೆ ಮೇಲೆ ನಿಲ್ಲುತ್ತಾ?"

"ಮೆಲ್ಲಗೆ ಮಾತಾಡು."

"ನಾನು ಮೆಲ್ಲಗೇ ಮಾತಾಡ್ತಿದ್ದೀನಿ. ಅಜ್ಜಿ ಒಂದು ಸೇರು ರಾಗಿ ಆರಿಸಿ ಬಟ್ಟೇಲಿ ಕಟ್ಟಿ ಇಟ್ಕೊಂಡಿದ್ದಾರೆ. ಹೋಗಿ ನೋಡಿ."

ಅವನು ಬಕೆಟ್ಟಿನಲ್ಲಿ ಉಳಿದಿದ್ದ ಬಟ್ಟೆಯನ್ನು ತಾನೇ ಹಿಂಡಿ ಹರವಿದ.

ಬುಧವಾರ ಬೆಳಿಗ್ಗೆ ವೃಷಭೇಂದ್ರಪ್ಪ ಗುಂಡಿ ತೋಡಲು ನಿಂಗಯ್ಯನನ್ನು ಕಳಿಸಿದರು. ಐವತ್ತು ದಾಟಿದ, ಬಾವಿ ಪಾಯ ಎಲ್ಲ ತೋಡಿ ಪಳಗಿದ ಆಳು. ಸಂಜೆಯವರೆಗೆ ಬರಲಾರನೆಂದುಕೊಂಡಿದ್ದವನು ಹನ್ನೆರಡೂವರೆಗೇ ಬಾಗಿಲಿಗೆ ಬಂದ. ವೃಷಭೇಂದ್ರಪ್ಪ ಆಗಷ್ಟೆ ಮುದ್ದೆ ಮುರಿದಿದ್ದರು.

"ಬಂಡೆ ಬಂದ್ಬುಡ್ತು ಸ್ವಾಮಿ."

"ಬಂಡೆ ಬಂದರೆ ಪಕ್ಕದಲ್ಲಿ ತೋಡಬೇಕು."

"ಮೂರು ಕಡೆ ತೋಡ್ದೆ. ಮೂರು ಕಡೇನೂ ಬಂಡೆ. ನೋಡಿ, ಹಾರೆ ಮೂತಿ ಎಂಗೆ ಮಡಿಸ್ಕಂಡದೆ."

ಅವರು ಹಾರೆಯನ್ನು ನೋಡಲಿಲ್ಲ. "ನನ್ನ ಮಗ ಪರೀಕ್ಷೆ ಮಾಡಿ ಬರೆದಿದ್ದಾನಯ್ಯ. ನೀನು ಮರದ ನೆರಳಲ್ಲಿ ಮಲಗಿ ಬಂದು ನನಗೆ ಬಂಡೆ ಕಥೆ ಹೇಳ್ತೀಯಾ?"

ಸಂಜೆ ಪ್ರಭುಸ್ವಾಮಿ ಬಂದ ಮೇಲೆ ತಂದೆ ಕೇಳಿದರು. ಅವನು ಬೂಟಿನ ದಾರ ಬಿಚ್ಚುತ್ತ, ತಲೆ ಎತ್ತದೆ, "ಅಲ್ಲಲ್ಲಿ ದೊಡ್ಡ ಉಂಡೆಗಲ್ಲು ಇರುತ್ತೆ. ಪೂರ್ವದ ಕಡೆ ನೋಡೋದಕ್ಕೆ ಹೇಳಿ" ಎಂದ. ಒಂದು ನಕ್ಷೆಯನ್ನೂ ಬರೆದು ಮೂರು ಕಡೆ ಗುರುತು ಹಾಕಿಕೊಟ್ಟ. ನಿಂಗಯ್ಯ ಮತ್ತೆರಡು ದಿನ ಹೋಗಿ ಮತ್ತೆ ಮೂರು ಗುಂಡಿ ತೋಡಿ ಬಂದು ಅದೇ ಮಾತು ಹೇಳಿದ. ವೃಷಭೇಂದ್ರಪ್ಪ ಅವನನ್ನು ಮೈಗಳ್ಳನೆಂದು ಬೈದು ಕಳಿಸಿದರು. ಪಕ್ಕದ ಮನೆಯವರು ಹೊಸ ಕೊಟ್ಟಿಗೆಗೆ ಪಾಯ ತೋಡಿಸುವವರಿದ್ದರು. ನಿಂಗಯ್ಯನನ್ನು ಮಾತ್ರ ಕರೆಯಬೇಡಿ ಎಂದು ಅವರಿಗೂ ಹೇಳಿದರು. ಪ್ರಭುಸ್ವಾಮಿ ಕಾಂಪೌಂಡಿನ ಈಚೆ ನಿಂತು ಆ ಮಾತನ್ನು ಕೇಳಿಸಿಕೊಂಡ.

ಶಿವರಾತ್ರಿ ಬಂತು, ಹೋಯಿತು. ಉಪವಾಸದ ದಿನ ಬಸಮ್ಮ ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡರು.

"ಚಪ್ಪಡಿ ಯಾವತ್ತು ಕಣಪ್ಪ?"

"ಇನ್ನೆರಡು ದಿನ ಅಜ್ಜಿ."

"ಹೋದ ವಾರಾನೂ ಎರಡು ದಿನ ಅಂದೆ. ನಿಮ್ಮ ಲೆಕ್ಕದಲ್ಲಿ ಎರಡು ದಿನಕ್ಕೆ ಎಷ್ಟು ದಿನವಪ್ಪ?"

ಮಹದೇವಮ್ಮ ಅಡಿಗೆಮನೆಯಿಂದಲೇ ಕೂಗಿದರು: "ಹುಡುಗ ಆಫೀಸಿಂದ ದಣಿದು ಬಂದಿರ್ತಾನೆ, ಬಿಡಿ ಅತ್ತೆ."

"ನಾನೇನು ಅವನ ಬೆನ್ನ ಮೇಲೆ ಕೂತಿವ್ನಾ? ಕೇಳ್ದೆ ಅಷ್ಟೆ."

ಫೆಬ್ರವರಿ ಇಪ್ಪತ್ತಮೂರು, ಭಾನುವಾರ. ಅವರೆಕಾಳಿನ ಸಾರು, ಅನ್ನ. ಬಸಮ್ಮನ ಹೊರತು ಎಲ್ಲರೂ ಊಟಕ್ಕೆ ಕುಳಿತಿದ್ದಾಗ ನಿಂಗಯ್ಯ ಕರೆಯದೆಯೇ ಬಂದು ಪಡಸಾಲೆಯ ಮೆಟ್ಟಿಲ ಕೆಳಗೆ ನಿಂತ. ಟವಲು ಹೆಗಲ ಮೇಲಿರಲಿಲ್ಲ, ಕೈಯಲ್ಲಿತ್ತು.

"ಕೂಲಿ ಕೇಳಕ್ಕೆ ಬರ್ಲಿಲ್ಲ ಸ್ವಾಮಿ. ಪಕ್ಕದ ಮನೆಯೋರು ಕೆಲಸ ಬ್ಯಾಡ ಅಂದ್ರು. ಯಾಕೆ ಅಂದೆ. ನೀವೇ ಹೇಳಿದ್ರಂತೆ, ಕಳ್ಳಬಿದ್ದವ್ನೆ ಅಂತ."

"ಅದಕ್ಕೇನೀಗ?" ಎಂದರು ವೃಷಭೇಂದ್ರಪ್ಪ.

"ಆ ದಿಣ್ಣೇಲಿ ಹುರುಳಿ ಬಿಟ್ರೆ ಇನ್ನೇನೂ ಬೆಳೆದಿದ್ದ ಯಾರೂ ಕಂಡಿಲ್ಲ. ಅದ್ಯಾಕೆ ಅಂತ ಚಿಕ್ಕ ಮಕ್ಕಳನ್ನ ಕೇಳುದ್ರೂ ಹೇಳ್ತವೆ. ಇರ್ಲಿ, ನಂದೇ ತಪ್ಪು ಅನ್ನಿ. ಸಣ್ಣಪ್ಪೋರು ಏಳಡಿ ತೋಡಿ ನೋಡವ್ರಲ್ಲ, ಆ ಜಾಗ ಎಲ್ಲೈತೆ ಅಂತ ತೋರಿಸ್ಲಿ. ಅದೇ ಗುಂಡೀಲಿ ಇಳಿದು ತೋಡ್ತೀನಿ."

ವೃಷಭೇಂದ್ರಪ್ಪ ಮಗನ ಕಡೆ ತಿರುಗಿದರು. "ಸರಿಯಾಗೇ ಕೇಳ್ತಿದ್ದಾನೆ. ಎಲ್ಲಿ ತೋಡಿದ್ದೆ, ಹೇಳಿ ಕಳಿಸು."

"ಅದು... ಆಗಲೇ ಮುಚ್ಚಿಬಿಟ್ಟೆ."

"ಮುಚ್ಚಿದ ಮಣ್ಣು ಮೂರು ತಿಂಗಳಿಗೆ ಗಟ್ಟಿಯಾಯ್ತದಾ ಸ್ವಾಮಿ? ಕಾಲಿಟ್ರೆ ಗೊತ್ತಾಯ್ತದೆ."

ಪ್ರಭುಸ್ವಾಮಿ ಅನ್ನ ಕಲಸುತ್ತಲೇ ಇದ್ದ. ಪ್ರೇಮಲೀಲಾ ಸಾರಿನ ಪಾತ್ರೆಯನ್ನು ನೆಲದ ಮೇಲಿಟ್ಟಳು.

"ಇವರು ತೋಡಲಿಲ್ಲ ಮಾವ. ಬಾವಿ ನೋಡಿ ಬರೆದರು. ನಾನು ಜೊತೇಲಿದ್ದೆ. ಮೂರು ತಿಂಗಳಿಂದ ನಾನೂ ಬಾಯಿ ಬಿಡಲಿಲ್ಲ."

ವೃಷಭೇಂದ್ರಪ್ಪ ಅರ್ಧ ಉಂಡ ಎಲೆಯ ಮುಂದಿನಿಂದ ಎದ್ದು, ಕೈ ತೊಳೆದು, ಮೆಟ್ಟಿಲ ಬಳಿ ಬಂದರು. ನಿಂಗಯ್ಯ ಟವಲನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ "ಊಟ ಮಾಡಿ ಸ್ವಾಮಿ, ನಾನು ಬತ್ತೀನಿ" ಎಂದು ಹೊರಟುಹೋದ.

ಒಳಗೆ ಮಹದೇವಮ್ಮ ಸೊಸೆಯ ಮೇಲೆ ಹರಿಹಾಯ್ದರು.

"ಕೂಲಿಯವನ ಮುಂದೆ ಗಂಡನ ಮಾನ ಕಳೆದ್ಯಲ್ಲೇ! ಅವನು ಹೋದ ಮೇಲೆ ಹೇಳಿದ್ರೆ ಆಗ್ತಿರಲಿಲ್ವಾ?"

"ಅವನ ಮಾನ ಬೀದೀಲಿ ಕಳೆದವರು ನಾವಲ್ವಾ ಅತ್ತೆ? ಅವನು ಹೋದ ಮೇಲೆ ಹೇಳಿದ್ರೆ ಅವನಿಗೇನು ಬಂತು?"

"ನಿಮ್ಮಮ್ಮ ಇದನ್ನೇ ಕಲಿಸಿ ಕಳಿಸಿದ್ದು?"

"ಅಮ್ಮ, ಅವಳನ್ನ ಬಿಡು," ಎಂದ ಪ್ರಭುಸ್ವಾಮಿ. ಆ ಊಟದಲ್ಲಿ ಅವನು ಆಡಿದ ಪೂರ್ತಿ ಮಾತು ಅದೊಂದೇ. ಬಸಮ್ಮ ಅಂದು ಮಗಳ ಮನೆಗೆ ಹೋಗಿದ್ದರಿಂದ ಇದ್ಯಾವುದೂ ಅವರ ಕಿವಿಗೆ ಬೀಳಲಿಲ್ಲ.

ಮರುದಿನ ತಂದೆ ಮಗ ಇಬ್ಬರೂ ದೇವರಾಜ ಮೊಹಲ್ಲಾದ ಚನ್ನಬಸವಯ್ಯನ ಬೆಲ್ಲದ ಅಂಗಡಿಗೆ ಹೋದರು. ವೃಷಭೇಂದ್ರಪ್ಪ ಇಪ್ಪತ್ತು ವರ್ಷ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡವರು. ಅಂಗಡಿಯ ಮುಂದೆ ನಿಂತು ಹೇಗೆ ಶುರು ಮಾಡಬೇಕೆಂದು ತಿಳಿಯದೆ ಬೆಲ್ಲದ ಅಚ್ಚು ಒತ್ತಿ ನೋಡುತ್ತಿದ್ದರು.

"ಕೂತ್ಕೊಳಿ ಅಣ್ಣ. ಬೆಲ್ಲ ಬೇಕಾ?"

"ಬೆಲ್ಲ ಬೇಡ. ಅವ್ವನಿಗೆ ಜಾಗ ಬೇಕು." ಅವರು ಧ್ವನಿ ತಗ್ಗಿಸಿದರು. "ಹಳೇ ಹೊಲದಲ್ಲಿ, ಅಪ್ಪನ ಗದ್ದಿಗೆ ಪಕ್ಕ. ಒಂದು ಗುಂಡಿಯಷ್ಟು. ದಿಣ್ಣೇಲಿ ಬಂಡೆ ಬಂದಿದೆ."

ಚನ್ನಬಸವಯ್ಯ ಇಬ್ಬರನ್ನೂ ನೋಡಿದ. "ಅಲ್ಲಿ ಬಂಡೆ ಇರೋದು ನನಗೆ ಗೊತ್ತಿತ್ತು ಅಣ್ಣ. ಕಾಗದ ಮಾಡೋ ದಿನ ಹೇಳಬೇಕು ಅಂತ್ಲೇ ಬಂದಿದ್ದೆ. ಅಷ್ಟರಲ್ಲಿ ನಿಮ್ಮ ಹುಡುಗ ಎದ್ದು ನಿಂತು ಓದಿದ. ಏಳಡಿಗೂ ಹೆಚ್ಚು ಅಂತ. ನಾನು ಓದಿರೋದು ನಾಲ್ಕನೇ ಕ್ಲಾಸು. ಇಪ್ಪತ್ತು ವರ್ಷ ಉತ್ತ ಹೊಲ ನಂದು, ಆದ್ರೂ ನಾನೇ ತಪ್ಪು ತಿಳ್ಕಂಡಿರಬೇಕು, ಓದಿದೋರಿಗೆ ಗೊತ್ತಿರ್ತದೆ ಅಂದ್ಕಂಡೆ." ಸ್ವಲ್ಪ ತಡೆದು, "ಆಮೇಲೆ ಇರ್ಲಿ ಬುಡು, ನನಗೇ ಲಾಭ ಅಂತನೂ ಅಂದ್ಕಂಡೆ. ಸುಳ್ಳು ಯಾಕೆ ಹೇಳ್ಳಿ" ಎಂದ.

"ಜಾಗ?"

"ಅದನ್ನ ಕೇಳಬೇಕಾ? ದೊಡ್ಡವ್ವ ನನ್ನ ಎತ್ತಿ ಆಡಿಸಿದೋರು. ಬೇಕಾದಾಗ ತೋಡಿ. ಹೊಲ ಮಾತ್ರ ವಾಪಸ್ ಕೇಳಬೇಡಿ, ಅಷ್ಟೆ."

ಅವನು ತಲಾ ಒಂದು ಉಂಡೆ ಬೆಲ್ಲ ಕೈಗೆ ಹಾಕಿದ. ಅಂಗಡಿಯಿಂದ ಮನೆಯವರೆಗೆ ವೃಷಭೇಂದ್ರಪ್ಪ ಮಗನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಗೇಟಿನ ಬಳಿ ನಿಂತು, ತಿರುಗದೆಯೇ, "ಅವ್ವನಿಗೆ ನೀನೇ ಹೇಳು" ಎಂದರು.

ಮಗಳ ಮನೆಯಿಂದ ಬಂದಿದ್ದ ಬಸಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಪ್ರಭುಸ್ವಾಮಿ ಎದುರಿಗೆ ಚಾಪೆಯಿಲ್ಲದ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದ: ಜಟಕಾ, ಷರಾಯಿ, ಬಾವಿ, ನಕ್ಷೆ, ನಿಂಗಯ್ಯ. ಚನ್ನಬಸವಯ್ಯ ಒಪ್ಪಿದ್ದನ್ನೂ ಹೇಳಿದ. ಬಸಮ್ಮ ಎಲೆ ಮಡಿಸಿದರು, ಬಾಯಿಗಿಡಲಿಲ್ಲ.

"ಬಂಡೆ ಎಷ್ಟು ಆಳಕ್ಕೆ ಬಂತು?"

"ನಿಂಗಯ್ಯನ್ನ ಕೇಳಬೇಕು ಅಜ್ಜಿ."

"ನಿನ್ನ ಕೇಳ್ದೆ."

"ನಾನು... ನೋಡಿಲ್ಲ."

"ಇನ್ನೂ ನೋಡಿಲ್ವಾ?" ಬಸಮ್ಮ ಅವನ ಮುಖವನ್ನೇ ನೋಡಿದರು. "ಮೂರು ವಾರ ಆಯ್ತಲ್ಲೋ. ಆರು ಗುಂಡಿ ತೋಡಿಸಿದ್ದೀಯ. ಒಂದ್ಸಲ ಹೋಗಿ ಬಗ್ಗಿ ನೋಡಕ್ಕಾಗ್ಲಿಲ್ವಾ?"

ಬಸಮ್ಮ ದಿಂಬಿನ ಪಕ್ಕದಲ್ಲಿದ್ದ ರಾಗಿಯ ಗಂಟನ್ನು ಎತ್ತಿ ಸೊಸೆಯನ್ನು ಕರೆದರು.

"ಇದನ್ನ ಬೀಸಿ ಮುದ್ದೆ ಮಾಡ್ಬುಡೆ. ಹುಳ ಬಿದ್ದಾತು."

"ಯಾಕತ್ತೆ? ಚನ್ನಬಸವಯ್ಯ ಜಾಗ ಕೊಡ್ತೀನಿ ಅಂದಿದಾನಲ್ಲ."

"ಸತ್ತ ಮೇಲೆ ಅಲ್ಲೇ ಕೂರ್ಸಿ. ಬ್ಯಾಡ ಅನ್ನಲ್ಲ. ಇನ್ನೊಬ್ಬರ ಹೊಲದಲ್ಲಿ ಗುಂಡಿ ತೋಡಿಸಿಟ್ಟು, ಇವಳು ಯಾವಾಗ ಬತ್ತಾಳೆ ಅಂತ ಅವರು ದಿನಾ ನೋಡೋ ಹಾಗೆ ಮಾಡಬಾರ್ದು. ನನ್ನ ಕಾಲಕ್ಕೆ ಇದು ಮುಗೀತು."

ಆ ರಾತ್ರಿಯ ಊಟಕ್ಕೆ ಆ ರಾಗಿಯ ಮುದ್ದೆಯೇ ಆಯಿತು. ಬಸಮ್ಮ ಒಂದು ಪೂರ್ತಿ ಉಂಡರು. ಪ್ರಭುಸ್ವಾಮಿಯ ತಟ್ಟೆಗೂ ಒಂದು ಬಿತ್ತು. ಬಿಟ್ಟು ಏಳುವಂತಿರಲಿಲ್ಲ. ಅವನು ಒಂದೊಂದೇ ತುತ್ತನ್ನು ನೀರಿನ ಜೊತೆ ನುಂಗಿದ.

ಮಾರ್ಚ್ ಎರಡು, ಭಾನುವಾರ, ಬಸಮ್ಮ ಜಟಕಾ ತರಿಸಿದರು. ಜೊತೆಗೆ ಪ್ರಭುಸ್ವಾಮಿ, ಪ್ರೇಮಲೀಲಾ. ವೃಷಭೇಂದ್ರಪ್ಪ ಹಿಂದಿನ ದಿನ ಪಕ್ಕದ ಮನೆಗೆ ಹೋಗಿ ತಮ್ಮ ಮಾತು ತಪ್ಪೆಂದು ಹೇಳಿ, ಅಲ್ಲಿಂದಲೇ ನಿಂಗಯ್ಯನ ಮನೆಗೂ ಹೋಗಿ ಬಂದಿದ್ದರು. ಹೊಲಕ್ಕೆ ಬರಲಿಲ್ಲ. ನಿಂಗಯ್ಯ ಬಂದಿದ್ದ. ಹಾರೆಗೆ ಕೈ ಹಾಕಲು ಹೋದವನನ್ನು ಬಸಮ್ಮ ತಡೆದರು.

"ನೀನು ಕೂತ್ಕೊ ನಿಂಗಯ್ಯ. ತೋಡೋದು ಅವನು."

ಪ್ರಭುಸ್ವಾಮಿ ಪಂಚೆಯನ್ನು ಎತ್ತಿ ಕಟ್ಟಿದ. ನಿಂಗಯ್ಯನ ಗುಂಡಿಗಳ ನಡುವೆ, ದಿಣ್ಣೆಯ ನೆತ್ತಿಯಿಂದ ಇಳಿಜಾರಿನವರೆಗೆ, ಹೊಸದಾಗಿ ಏಳು ಕಡೆ ಜಾಗ ಗುರುತಿಸಿ ತೋಡಿದ. ಎಲ್ಲ ಕಡೆಯೂ ಒಂದೇ. ಮೇಲೆ ಹುಲ್ಲಿನ ಬೇರು ಹೆಣೆದ ಕಂದುಗೆಂಪು ಮಣ್ಣು, ಹಿಡಿದರೆ ಪುಡಿ. ಅದರ ಕೆಳಗೆ ಇರಬೇಕಾದ ನಡುಪದರವೇ ಇಲ್ಲ. ನೇರವಾಗಿ ಕೊಳೆತ ಕಲ್ಲಿನ ಬಿಳಿ ಹರಳು, ಆಮೇಲೆ ಬಂಡೆ. ಬೈರಿಗೆ ಇಳಿಸಿದಲ್ಲೆಲ್ಲ ಠಣ್ ಎಂದಿತು. ಮೂರನೆಯ ಗುಂಡಿಗೆ ಅಂಗೈಯಲ್ಲಿ ಗುಳ್ಳೆ ಎದ್ದವು, ಐದನೆಯದಕ್ಕೆ ಒಡೆದವು. ಪ್ರೇಮಲೀಲಾ ಸೆರಗು ಹರಿದು ಕಟ್ಟಲು ಬಂದಳು. ಅವನು ಬೇಡವೆಂದ. ಅವಳು ಕೇಳದೆ ಕಟ್ಟಿದಳು.

ಬಸಮ್ಮ ಕೋಲೂರಿಕೊಂಡು ಗುಂಡಿಯಿಂದ ಗುಂಡಿಗೆ ಬಂದು ಬಗ್ಗಿ ನೋಡಿದರು.

"ಪಕ್ಕದ ಬಾವೀಲಿ ಇರೋ ಮಣ್ಣು ಇಲ್ಲಿ ಯಾಕಿಲ್ಲ?"

"ಈ ಕಲ್ಲು ಬೇಗ ಕರಗೋದಲ್ಲ ಅಜ್ಜಿ. ಇದರಲ್ಲಿ ಸುಣ್ಣ ಇಲ್ಲ. ಕರಗಿ ಒಂದಿಷ್ಟು ಮಣ್ಣಾದ್ರೆ ಅದೂ ಮಳೇಲಿ ತಗ್ಗಿಗೆ ಜಾರಿಹೋಗುತ್ತೆ. ಬಾವೀಲಿ ಇರೋದು ಇಲ್ಲಿಂದ ಹೋದ ಮಣ್ಣೇ."

"ಇಲ್ಲೇ ನಿಂತು ಏಳಡಿ ಆಗಕ್ಕೆ ಎಷ್ಟು ಕಾಲ ಬೇಕು?"

"ಸಾವಿರಾರು ವರ್ಷ."

"ನೀನು ಒಂದು ಮಧ್ಯಾಹ್ನದಲ್ಲಿ ಮಾಡ್ಬುಟ್ಟೆ."

ನಿಂಗಯ್ಯ ಬೇರೆ ಕಡೆ ಮುಖ ತಿರುಗಿಸಿದ. ಬಸಮ್ಮ ತೋಡಿದ ಮಣ್ಣಿನ ಗುಪ್ಪೆಯ ಮೇಲೆ ಕುಳಿತು ಕೋಲನ್ನು ತೊಡೆಯ ಮೇಲೆ ಅಡ್ಡವಿಟ್ಟುಕೊಂಡರು.

"ಎಲ್ಲಕ್ಕಿಂತ ಆಳ ಇರೋ ಗುಂಡಿ ಯಾವುದು?"

"ಇದೇ. ಏಳನೇದು."

"ಅಳಿ. ಅಳೆದು ಓದು. ಅವತ್ತು ಎಲ್ಲರ ಮುಂದೆ ನಿಂತ್ಕಂಡು ಓದಿದ್ಯಲ್ಲ, ಅಂಗೆ. ನಿಂಗಯ್ಯನಿಗೂ ಕೇಳ್ಬೇಕು."

ಅವನು ಮೊಣಕಾಲೂರಿ, ಬಂಡೆಯ ಮೇಲಿನ ಪುಡಿಯನ್ನು ಬೆರಳಿನಿಂದ ಗುಡಿಸಿ, ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿದ. ಮತ್ತೊಮ್ಮೆ ಇಟ್ಟು ನೋಡಿದ. ಎದ್ದು ನಿಂತ. ಮೊದಲ ಸಲ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

"ಜೋರಾಗಿ," ಎಂದರು ಬಸಮ್ಮ.

"ಹನ್ನೊಂದೂಕಾಲು ಅಂಗುಲ."